ಬೂದಿಯ ಒಡಲು, ಹೊನ್ನಿನ ಅಂಚು

ಇವತ್ತು ನಾನು ಮಾತಾಡಲು ಹೊರಟಿರುವುದು ಒಂದು ಚಿತ್ರದ ಬಗ್ಗೆ. ಕಣ್ಣಿನ ವಸ್ತುವನ್ನು ಕಿವಿಗೆ ದಾಟಿಸುವುದು ಕಷ್ಟ, ನಿಜ. ಆದರೆ ಈ ಚಿತ್ರದ ಮಟ್ಟಿಗೆ ನಾವೆಲ್ಲ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ನಿಂತವರು. ಅದು ಹುಟ್ಟಿದ್ದು ನಮ್ಮ ವಿಜಾಪುರದಲ್ಲಿ, 17ನೇ ಶತಮಾನದ ಮೊದಲ ವರ್ಷಗಳಲ್ಲಿ. ಈಗ ಇರುವುದು ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿ. ನಮಗೆ ಸಿಗುವುದು ಪುಸ್ತಕದ ಅಚ್ಚು, ಇಲ್ಲವೇ ಮೊಬೈಲಿನ ತೆರೆ. ರಾಜೋಳಿ, ಗದ್ವಾಲ, ಮಕ್ತಲ್, ನಾರಾಯಣಪೇಟೆಗಳ ಕಡೆ ಕುಳಿತು ಕನ್ನಡ ಕೇಳುತ್ತಿರುವವರಿಗೆ ಇದು ದೂರದವರ ಸಂಗತಿಯೆಂದು ಅನ್ನಿಸಬೇಕಿಲ್ಲ. ಕೃಷ್ಣೆಗೂ ತುಂಗಭದ್ರೆಗೂ ನಡುವೆ ಇರುವ ನೆಲಕ್ಕಾಗಿ ವಿಜಯನಗರದವರೂ ವಿಜಾಪುರದವರೂ ತಲೆಮಾರುಗಟ್ಟಲೆ ಹೋರಾಡಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರನ್ನು ಗೆದ್ದ. 1565ರ ಯುದ್ಧದಲ್ಲಿ ವಿಜಯನಗರ ಸೋತ ನಂತರ ಈ ಸೀಮೆ ವಿಜಾಪುರದ ಆಳ್ವಿಕೆಗೆ ಹೋಯಿತು. ಹಾಗೆ ನೋಡಿದರೆ ಆ ಚಿತ್ರ ಮೂಡಿದ ಕಾಲದಲ್ಲಿ ವಿಜಾಪುರ ಇಲ್ಲಿಯವರಿಗೆ ಪರಸ್ಥಳವಾಗಿರಲಿಲ್ಲ.

ಈಗ ಒಂದು ಗಳಿಗೆ ಕಣ್ಣು ಮುಚ್ಚಿ ಕೇಳಿ. ಅದು ಕೈಯಲ್ಲಿ ಹಿಡಿದು ನೋಡುವಷ್ಟು ಚಿಕ್ಕ ಚಿತ್ರ. ಆಲ್ಬಮ್ಮಿನ ಹಾಳೆಗೆ ಅಂಟಿಸಿ ಸುತ್ತ ಅಂಚು ಕಟ್ಟಿದ್ದಾರೆ. ಒಬ್ಬ ಹೆಂಗಸು, ಒಬ್ಬ ಯೋಗಿನಿ, ನಿಂತಿದ್ದಾಳೆ. ಅವಳ ಮೈಬಣ್ಣ ಬೂದಿಯದು, ಮೈಗೆಲ್ಲ ವಿಭೂತಿ ಬಳಿದುಕೊಂಡವಳ ಬಣ್ಣ. ಕೂದಲನ್ನು ಜೋಗಿಗಳಂತೆ ನೆತ್ತಿಯ ಮೇಲೆ ಎತ್ತಿ ಕಟ್ಟಿದ್ದಾಳೆ. ಇಷ್ಟೇ ಕೇಳಿದರೆ ಮನಸ್ಸಿಗೆ ಬರುವುದು ಮಸಣ, ಗುಹೆ, ಭಿಕ್ಷೆಯ ಜೋಳಿಗೆ. ಆದರೆ ಅವಳ ಕೊರಳಲ್ಲಿ ಹಾರದ ಮೇಲೆ ಹಾರವಿದೆ. ಮೈಮೇಲೆ ಹೊನ್ನು ಮಿನುಗುವ ನೀಳ ಉಡುಪಿದೆ. ಇಳಿಬಿದ್ದ ವಸ್ತ್ರಗಳ ತುದಿಗಳು ಮಡಿಕೆಮಡಿಕೆಯಾಗಿ ಚೂಪಾಗುತ್ತವೆ. ಕೈಮೇಲೆ ಒಂದು ಮೈನಾ ಹಕ್ಕಿ, ನಮ್ಮ ಹಳೆಯ ಮಾತಿನಲ್ಲಿ ಗೊರವಂಕ. ಅದನ್ನು ಮುಖದ ಹತ್ತಿರಕ್ಕೆ ಎತ್ತಿ ಹಿಡಿದಿದ್ದಾಳೆ, ಗುಟ್ಟು ಹೇಳುವಷ್ಟು ಹತ್ತಿರಕ್ಕೆ. ಪಕ್ಕದಲ್ಲಿ ಹೂಗಿಡಗಳು ಆಳೆತ್ತರಕ್ಕೆ ಬೆಳೆದು ನಿಂತಿವೆ. ಯಾವ ತೋಟದಲ್ಲಿಯೂ ಕಾಣದಷ್ಟು ದೊಡ್ಡ ಹೂವುಗಳು. ದೂರದಲ್ಲಿ, ಆಟಿಕೆಯಷ್ಟು ಚಿಕ್ಕದಾಗಿ, ಒಂದು ಬೆಳ್ಳಗಿನ ಅರಮನೆ. ಬೇರೆ ಮನುಷ್ಯರಿಲ್ಲ. ಇದನ್ನು ಬರೆದವನ ಹೆಸರು ಉಳಿದಿಲ್ಲ. ದಖನಿ ಚಿತ್ರಕಲೆಯ ಇತಿಹಾಸಕಾರರು ಈ ಚಿತ್ರ ಇರುವ ಊರಿನ ಹೆಸರಿಂದಲೇ ಅವನನ್ನು ‘ಡಬ್ಲಿನ್ ಚಿತ್ರಕಾರ’ ಎಂದು ಕರೆಯುತ್ತಾರೆ. ವಿಜಾಪುರದ ಕಲಾವಿದನಿಗೆ ಅವನು ಕಂಡಿರದ ಊರಿನ ಹೆಸರು ಅಂಟಿಕೊಂಡಿದೆ. 1686ರಲ್ಲಿ ಔರಂಗಜೇಬ ವಿಜಾಪುರವನ್ನು ಗೆದ್ದ ಮೇಲೆ ಅಲ್ಲಿಯ ಗ್ರಂಥಭಂಡಾರ, ಚಿತ್ರಭಂಡಾರ ಎಷ್ಟು ಚೆದುರಿತೆಂಬುದನ್ನು ಈ ಒಂದು ಹೆಸರೇ ಹೇಳುತ್ತದೆ.

ನನಗೆ ಬಹಳ ಪ್ರಿಯವಾದ ಚಿತ್ರ ಇದು. ನೋಡಿದವರಲ್ಲಿ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ: ಇವಳು ಯಾರು? ಉತ್ತರಗಳಿಗೆ ಕೊರತೆಯಿಲ್ಲ. ಮೊದಲನೆಯ ಉತ್ತರ ಕಥೆಯದು. ಆ ಕಾಲದ ಸೂಫಿ ಪ್ರೇಮಕಾವ್ಯಗಳಲ್ಲಿ ರಾಜಕುಮಾರರು ಪ್ರೀತಿಗಾಗಿ ಸಿಂಹಾಸನ ಬಿಟ್ಟು ಜೋಗಿಯಾಗುತ್ತಾರೆ. 1540ರ ಸುಮಾರಿಗೆ ಮಲಿಕ್ ಮುಹಮ್ಮದ್ ಜಾಯಸಿ ಬರೆದ ‘ಪದ್ಮಾವತ್’ನಲ್ಲಿ ರತನ್‌ಸೇನ ಜೋಗಿಯಾಗಿ ಹೊರಡುವುದು ಒಂದು ಗಿಳಿಯ ಮಾತು ಕೇಳಿಯೇ. ಹಕ್ಕಿ, ಬೂದಿ, ಬಿಟ್ಟುಬಂದ ಅರಮನೆ, ಎಲ್ಲವೂ ಹೊಂದುತ್ತವೆ. ಆದರೆ ಅಲ್ಲಿ ಜೋಗಿಯಾದವನು ಗಂಡಸು. ಎರಡನೆಯ ಉತ್ತರ ಮಂತ್ರವಿದ್ಯೆಯದು. 1570ರಲ್ಲಿ ವಿಜಾಪುರದಲ್ಲಿ ಸಿದ್ಧವಾದ ‘ನುಜೂಮ್ ಅಲ್ ಉಲೂಮ್’ ಎಂಬ ಸಚಿತ್ರ ಗ್ರಂಥ ಕೂಡ ಇದೇ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಜ್ಯೋತಿಷ, ಮಾಟಮಂತ್ರ, ಯುದ್ಧವಿದ್ಯೆಗಳನ್ನು ಒಟ್ಟುಗೂಡಿಸಿದ ಆ ಗ್ರಂಥದಲ್ಲಿ ಮಂತ್ರದಿಂದ ಕರೆಯಬಹುದಾದ ಹೆಣ್ಣುಶಕ್ತಿಗಳ ಚಿತ್ರಗಳು ಸಾಲುಸಾಲಾಗಿವೆ. ನಮ್ಮ ಯೋಗಿನಿ ಅವರ ಪೈಕಿಯವಳಾಗಬಹುದು. ಆದರೆ ಅವಳ ಕೈಯಲ್ಲಿ ಆಯುಧವಿಲ್ಲ, ಮುಖದಲ್ಲಿ ಉಗ್ರತೆಯಿಲ್ಲ. ಮೂರನೆಯ ಉತ್ತರ ಸಂಕೇತದ್ದು: ಹಕ್ಕಿ ಎಂದರೆ ಜೀವಾತ್ಮ. ಫರೀದುದ್ದೀನ್ ಅತ್ತಾರ್ ಎಂಬ ಪಾರಸಿ ಕವಿ ತಮ್ಮ ಅರಸನನ್ನು ಹುಡುಕಿ ಹೊರಟ ಹಕ್ಕಿಗಳ ಕಥೆಯನ್ನೇ ದೊಡ್ಡ ಕಾವ್ಯ ಮಾಡಿದ, ಅದನ್ನು ವಿಜಾಪುರದ ಪಂಡಿತರು ಬಲ್ಲವರಾಗಿದ್ದಿರಬೇಕು. ಒಪ್ಪೋಣ. ಆದರೆ ಆತ್ಮದ ಸಂಕೇತಕ್ಕೆ ಮಾತು ಕಲಿಯಬಲ್ಲ ಮನೆಬಳಕೆಯ ಗೊರವಂಕವೇ ಏಕೆ? ಪ್ರತಿ ಉತ್ತರವೂ ಚಿತ್ರದ ಅರ್ಧವನ್ನು ಹಿಡಿದು ಉಳಿದರ್ಧವನ್ನು ಕೈಬಿಡುತ್ತದೆ.

ಇಲ್ಲಿ ನನ್ನ ವಾದವನ್ನು ಮುಂದಿಡುತ್ತೇನೆ. ಈ ಚಿತ್ರದ ರಹಸ್ಯ ಕೀಲಿಕೈ ಕಳೆದುಹೋದ ಪೆಟ್ಟಿಗೆಯ ರಹಸ್ಯದಂಥದ್ದಲ್ಲ. ಒಂದಕ್ಕೊಂದು ಒಗ್ಗದ ಎರಡನ್ನು ಒಂದೇ ಮೈಯಲ್ಲಿ ಜೋಡಿಸಿ, ಯಾವುದನ್ನೂ ಕರಗಿಸದೆ ನಿಲ್ಲಿಸಿದ ಕೈಕೆಲಸದಲ್ಲಿ ಅದು ಇದೆ. ಇದನ್ನು ಅರ್ಥ ಮಾಡಿಕೊಳ್ಳಲು ರಾಜೋಳಿಯ ಮಗ್ಗದ ಮನೆಗಿಂತ ಒಳ್ಳೆಯ ಶಾಲೆಯಿಲ್ಲ. ಗದ್ವಾಲ ಸೀರೆ ಎಂದು ಜಗತ್ತು ಕೊಂಡಾಡುವ ಸೀರೆಯನ್ನು ನೇಯುವ ಊರುಗಳಲ್ಲಿ ರಾಜೋಳಿಯೂ ಒಂದು. ಆ ಸೀರೆಯ ಒಡಲು ಹತ್ತಿಯದು. ಅಂಚು, ಸೆರಗು ರೇಷ್ಮೆ ಮತ್ತು ಜರಿಯವು. ಹತ್ತಿಯ ನೂಲಿಗೂ ರೇಷ್ಮೆಯ ನೂಲಿಗೂ ಸ್ವಭಾವ ಬೇರೆ: ಒಂದು ಬೆವರು ಹೀರುವ ದಿನಬಳಕೆಯದು, ಇನ್ನೊಂದು ಹೊಳೆಯುವ ಹಬ್ಬದ್ದು. ಇವನ್ನು ಹೊಲಿಗೆ ಹಾಕಿ ಸೇರಿಸುವುದಿಲ್ಲ. ಒಡಲಿಗೊಂದು, ಎರಡು ಅಂಚುಗಳಿಗೆ ಒಂದೊಂದು, ಹೀಗೆ ಮೂರು ಲಾಳಿ ಓಡಿಸಿ, ಒಡಲಿನ ಹೊಕ್ಕು ಅಂಚಿನ ಹೊಕ್ಕನ್ನು ಸಂಧಿಸುವ ಕಡೆ ಪ್ರತಿ ಸಾಲಿನಲ್ಲಿಯೂ ಒಂದನ್ನು ಇನ್ನೊಂದಕ್ಕೆ ಕೊಂಡಿಯಂತೆ ಸಿಕ್ಕಿಸುತ್ತಾರೆ. ಕುಪ್ಪಡಂ ಎನ್ನುವುದು ಈ ಕೆಲಸಕ್ಕೇ. ಇಳಕಲ್ಲಿನ ನೇಕಾರರು ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೂಡಿಸುವ ಟೋಪಿ ತೆನಿಯೂ ಇದರ ಬಂಧುವೇ. ಸಂಧಿಯ ಮೇಲೆ ಬೆರಳಾಡಿಸಿದರೆ ಎಲ್ಲಿ ಹತ್ತಿ ಮುಗಿದು ಎಲ್ಲಿ ರೇಷ್ಮೆ ಶುರುವಾಯಿತೆಂದು ತಿಳಿಯುತ್ತದೆ. ಹತ್ತಿ ರೇಷ್ಮೆಯಾಗಿಲ್ಲ, ರೇಷ್ಮೆ ಹತ್ತಿಯಾಗಿಲ್ಲ, ಆದರೂ ಸೀರೆ ಒಂದೇ. ವಿಜಾಪುರದ ಚಿತ್ರಕಾರ ಬೂದಿಯನ್ನೂ ಬಂಗಾರವನ್ನೂ ಜೋಡಿಸಿದ್ದು ಇದೇ ಬಗೆಯಲ್ಲಿ.

ಚಿತ್ರದೊಳಗಿನ ಸಾಕ್ಷ್ಯಗಳನ್ನೇ ನೋಡೋಣ. ಅರಮನೆ ಬಿಟ್ಟವಳನ್ನು ತೋರಿಸುವುದೇ ಉದ್ದೇಶವಾಗಿದ್ದರೆ ಒಡವೆ ಕಳಚಿದ್ದರೆ ಸಾಕಿತ್ತು. ಕನ್ನಡಿಗರ ಮನಸ್ಸಿನಲ್ಲಿ ಅಂಥ ಚಿತ್ರ ಆಗಲೇ ಇದೆ: 12ನೇ ಶತಮಾನದ ಅಕ್ಕಮಹಾದೇವಿ ಕೌಶಿಕನ ಅರಮನೆಯನ್ನು ಬಿಟ್ಟು ಹೊರಟಾಗ ಉಡುಗೆ ತೊಡುಗೆಗಳನ್ನೂ ಬಿಟ್ಟಳು, ಕೂದಲೇ ಅವಳಿಗೆ ಹೊದಿಕೆಯಾಯಿತು ಎಂದು ನಾವು ಕೇಳಿ ಬೆಳೆದಿದ್ದೇವೆ. ಅಲ್ಲಿ ತ್ಯಾಗ ಪೂರ್ತಿಯಾದದ್ದು, ಆದ್ದರಿಂದ ನಮಗೆ ಭಕ್ತಿ ಬರುತ್ತದೆ. ಈ ಯೋಗಿನಿಯ ತ್ಯಾಗ ಮುಗಿದಿದೆಯೋ ಇನ್ನೂ ನಡೆಯುತ್ತಿದೆಯೋ ಹೇಳಲಾಗುವುದಿಲ್ಲ. ಬರುವುದು ಕುತೂಹಲ ಬೆರೆತ ಮರುಕ. ಇನ್ನು ಅಳತೆಯ ವಿಷಯ. ಹೂವನ್ನು ಹಿಗ್ಗಿಸಿ ಅರಮನೆಯನ್ನು ಕುಗ್ಗಿಸಿರುವುದು ಚಿತ್ರಕಾರ ಅರಿಯದೆ ಮಾಡಿದ ತಪ್ಪಲ್ಲ. ಅದೇ ಆಸ್ಥಾನದ ಚಿತ್ರಕಾರರು ಸುಲ್ತಾನನ ಮುಖದ ಗಡ್ಡದ ಎಳೆಯನ್ನೂ ತೆಳುವಸ್ತ್ರದ ಮಡಿಕೆಯನ್ನೂ ಅಚ್ಚುಕಟ್ಟಾಗಿ ಬಿಡಿಸಬಲ್ಲವರಾಗಿದ್ದರು. ಇಲ್ಲಿ ಹತ್ತಿರದ ಲೋಕ ಕನಸಿನಷ್ಟು ದೊಡ್ಡದಾಗಿದೆ, ಬಿಟ್ಟುಬಂದ ಲೋಕ ನೆನಪಿನಷ್ಟು ಸಣ್ಣದಾಗಿದೆ. ಆದರೂ ಅರಮನೆಯನ್ನು ಅವನು ಅಳಿಸಲಿಲ್ಲ. ಕಣ್ಣು ಅವಳ ಮುಖದಿಂದ ಹಕ್ಕಿಗೆ, ಹಕ್ಕಿಯಿಂದ ಹೂವಿಗೆ, ಹೂವಿನಿಂದ ಆ ಬಿಳಿಯ ಅರಮನೆಗೆ ಹೋಗಿ ಮತ್ತೆ ಮುಖಕ್ಕೆ ಬರುತ್ತದೆ. ಈ ಸುತ್ತಾಟಕ್ಕೆ ತಂಗಲು ಜಾಗವೇ ಸಿಗದಂತೆ ಚಿತ್ರಕಾರ ದಾರಿ ಹಾಕಿದ್ದಾನೆ. ಹಕ್ಕಿಯ ಮಾತಂತೂ ಇನ್ನೂ ನಾಜೂಕು. ಗೊರವಂಕ ಮನುಷ್ಯರ ಮಾತನ್ನು ಅನುಕರಿಸುವ ಹಕ್ಕಿ. ಲೋಕದ ಮಾತು ಬಿಟ್ಟು ಬಂದವಳ ಕೈಮೇಲೆ ಲೋಕದ ಮಾತನ್ನೇ ಮರುನುಡಿಯುವ ಹಕ್ಕಿ ಕೂತಿದೆ. ಯಾರು ಮಾತಾಡುತ್ತಿದ್ದಾರೆ, ಯಾರು ಕೇಳುತ್ತಿದ್ದಾರೆ ಎಂಬುದನ್ನು ಚಿತ್ರ ಹೇಳುವುದಿಲ್ಲ.

ಈ ಜೋಡಣೆ ಆ ಆಸ್ಥಾನದಲ್ಲಿ ಆಕಸ್ಮಿಕವೂ ಅಲ್ಲ. ಚಿತ್ರ ಹುಟ್ಟಿದ್ದು 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ. ಜನ ಅವನನ್ನು ಜಗದ್ಗುರು ಎಂದು ಕರೆದರು. ಅವನು ದಖನಿಯಲ್ಲಿ ರಚಿಸಿದ ‘ಕಿತಾಬ್-ಎ-ನವರಸ್’ ರಾಗಗಳಿಗೆ ಹೊಂದಿಸಿದ ಹಾಡುಗಳ ಪುಸ್ತಕ; ಅದರಲ್ಲಿ ಸರಸ್ವತಿಯ ಸ್ತುತಿಯಿದೆ, ಗಣಪತಿಯ ಸ್ತುತಿಯಿದೆ, ಸೂಫಿ ಸಂತ ಗೇಸುದರಾಜರ ಸ್ತುತಿಯೂ ಇದೆ. ಅವನ ಆಸ್ಥಾನದ ಫರ್ರೂಖ್ ಹುಸೇನ್ ಬಿಡಿಸಿದ, ವೀಣೆ ನುಡಿಸುವ ಸರಸ್ವತಿಯ ಚಿತ್ರದ ಮೇಲಿನ ಬರಹದಲ್ಲಿ ಇಬ್ರಾಹಿಮನಿಗೆ ಗಣಪತಿ ತಂದೆ, ಸರಸ್ವತಿ ತಾಯಿ. ಪರ್ಷಿಯಾದ ಕುಂಚ, ದಖನಿನ ನುಡಿ, ನಮ್ಮ ನೆಲದ ದೇವತೆ, ಸೂಫಿಗಳ ಹಂಬಲ, ಇವೆಲ್ಲ ಒಂದೇ ಮಗ್ಗದಲ್ಲಿ ನೇಯ್ದುಕೊಂಡ ಕಾಲ ಅದು. ಚಿತ್ರಕಾರ ಗಾಳಿಯಿಂದ ಜೋಡಣೆ ಕಲಿಯಲಿಲ್ಲ. ತಾನು ಬದುಕಿದ ಊರಿನಿಂದ ಕಲಿತ.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು ಬಲವಾದದ್ದೇ: ‘ಇದೆಲ್ಲ ದಾಖಲೆ ಕಳೆದುಹೋದದ್ದರ ಫಲ. ನಾಳೆ ಯಾವುದೋ ಹಳೆಯ ಪತ್ರ ಸಿಕ್ಕಿ, ಇವಳು ಇಂಥವಳು, ಬಿಡಿಸಿದವನು ಇಂಥವನು ಎಂದು ತಿಳಿದರೆ ರಹಸ್ಯ ಹೋಗುತ್ತದೆ, ಸೆಳೆತವೂ ಹೋಗುತ್ತದೆ.’ ಇದನ್ನು ಪರೀಕ್ಷಿಸಲು ನಮ್ಮ ಬಳಿಯೇ ಇನ್ನೊಂದು ಚಿತ್ರವಿದೆ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಜನ ಹುಡುಕಿಕೊಂಡು ಹೋಗಿ ನೋಡುವ ‘ಗ್ಲೋ ಆಫ್ ಹೋಪ್’, ಅಂದರೆ ದೀಪ ಹಿಡಿದ ಹೆಣ್ಣುಮಗಳು. ಆ ಚಿತ್ರದ ಬಗ್ಗೆ ಗೊತ್ತಿರಬೇಕಾದದ್ದೆಲ್ಲ ಗೊತ್ತಿದೆ. ಬಿಡಿಸಿದವರು ಸಾವಂತವಾಡಿಯಲ್ಲಿ 1882ರಲ್ಲಿ ಹುಟ್ಟಿದ ಎಸ್. ಎಲ್. ಹಲ್ದಣಕರ್. ಕಾಲ 1945–46. ಮಾಧ್ಯಮ ಜಲವರ್ಣ. ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. ಅವರು ನೂರು ವರ್ಷ ದಾಟಿ ಬಾಳಿ 2018ರಲ್ಲಿ ತೀರಿಕೊಂಡಾಗ ಪತ್ರಿಕೆಗಳು ಆ ಸುದ್ದಿಯನ್ನು ಬರೆದವು. ಬಹಳ ಜನ ಅದನ್ನು ರಾಜಾ ರವಿವರ್ಮನ ಚಿತ್ರವೆಂದೇ ನಂಬಿದ್ದರು. ರವಿವರ್ಮ 1906ರಲ್ಲಿಯೇ ತೀರಿಕೊಂಡಿದ್ದ. ತಪ್ಪು ಹೆಸರು ಹೋಗಿ ಸರಿಯಾದ ಹೆಸರು ಬಂದ ಮೇಲೆ ಸೆಳೆತ ಕಡಿಮೆಯಾಯಿತೇ? ಇಲ್ಲ. ಜನ ಈಗಲೂ ಆ ದೀಪದ ಮುಂದೆ ನಿಲ್ಲುತ್ತಾರೆ. ಯಾಕೆಂದರೆ ಸೆಳೆತ ಇರುವುದು ಅವಳ ಹೆಸರಿನಲ್ಲಿ ಅಲ್ಲ, ದೀಪಕ್ಕೆ ಅಡ್ಡ ಹಿಡಿದ ಕೈಯಲ್ಲಿ. ಬೆರಳುಗಳ ಅಂಚು ಬೆಳಕಿಗೆ ಕೆಂಪೇರಿದೆ. ಕೈ ಬೆಳಕನ್ನು ಮುಚ್ಚುತ್ತಲೂ ಇದೆ, ಕಾಯುತ್ತಲೂ ಇದೆ. ಜಲವರ್ಣದಲ್ಲಿ ಬೆಳಕನ್ನು ಮೇಲಿಂದ ಬಳಿಯುವುದು ಕಷ್ಟ. ಕಾಗದದ ಬಿಳುಪನ್ನೇ ಬೆಳಕಾಗಿ ಉಳಿಸಿಕೊಂಡು ಸುತ್ತಲೂ ಕತ್ತಲು ಕಟ್ಟಬೇಕು. ಅಲ್ಲಿಯೂ ಎರಡು ವಿರುದ್ಧಗಳ ಸಂಧಿಯೇ ಕೆಲಸ ಮಾಡುತ್ತಿದೆ. ಹೆಸರು, ವರ್ಷ, ಊರು ಎಲ್ಲ ತಿಳಿದ ಮೇಲೂ ಆ ಚಿತ್ರ ನೋಡಿ ಮುಗಿಯುವುದಿಲ್ಲ. ಹಾಗಿದ್ದರೆ ಯೋಗಿನಿಯ ಹೆಸರು ಸಿಕ್ಕಿದ ದಿನವೂ ಅವಳು ನಮ್ಮನ್ನು ಬಿಡುವವಳಲ್ಲ.

ಎರಡನೆಯ ಆಕ್ಷೇಪ: ‘ಆಸ್ಥಾನದ ಜನಕ್ಕೆ ಇದು ದಿನಾ ನೋಡುವ ವಸ್ತು. ದಖನಿನಲ್ಲಿ ಯೋಗಿನಿಯರ ಚಿತ್ರಗಳು ಬೇಕಾದಷ್ಟಿವೆ. ರಹಸ್ಯವೆಂಬುದು ನಾವು ಈ ಕಾಲದವರು ಹೇರುತ್ತಿರುವ ಭಾವ.’ ಇದರಲ್ಲಿ ಅರ್ಧ ನಿಜವಿದೆ. ಆಗಿನ ವಿಜಾಪುರದವನು ಇವಳನ್ನು ಕಂಡು ನಮ್ಮಂತೆ ‘ಯಾರಿವಳು’ ಎಂದು ಬೆರಗಾಗುತ್ತಿರಲಿಲ್ಲ. ಅವನಿಗೆ ಜೋಗಿಗಳು ಬೀದಿಯಲ್ಲಿಯೇ ಕಾಣುತ್ತಿದ್ದರು. ಆದರೆ ಅದೇ ಸಂಗತಿ ನನ್ನ ವಾದಕ್ಕೆ ಬಲ ಕೊಡುತ್ತದೆ. ಅಷ್ಟೊಂದು ಯೋಗಿನಿಯರ ಚಿತ್ರಗಳಿದ್ದೂ ಇದೊಂದೇ ಹೀಗೆ ಕಾಡುತ್ತದೆಯೆಂದರೆ, ಕಾರಣ ವಸ್ತುವಿನಲ್ಲಿಲ್ಲ, ಕೈಯಲ್ಲಿದೆ. ಅಲ್ಲದೆ ಪರಿಚಯ ಹೆಚ್ಚಾದಷ್ಟೂ ರಹಸ್ಯ ಕಡಿಮೆಯಾಗಲೇಬೇಕೆಂಬ ನಿಯಮವಿಲ್ಲ. ರಾಜೋಳಿ ಇರುವ ಜಿಲ್ಲೆಯ ಹೆಸರಿನಲ್ಲಿಯೇ ಇರುವ ಆಲಂಪುರದ ಜೋಗುಲಾಂಬೆಯನ್ನು ನೆನೆಯಿರಿ. ಯೋಗಿಗಳ ಅಮ್ಮ ಎಂದು ಜನ ಆ ಹೆಸರನ್ನು ಬಿಡಿಸಿ ಹೇಳುತ್ತಾರೆ. ಅವಳ ಕೂದಲಲ್ಲಿ ಹಲ್ಲಿಯಿದೆ, ಚೇಳಿದೆ, ಆಸನ ಹೆಣದ್ದು. ಉಗ್ರರೂಪಿ, ಆದರೆ ಕರೆಯುವುದು ಅಮ್ಮ ಎಂದು. ತಲೆಮಾರುಗಳಿಂದ ಕೈಮುಗಿಯುವವರಿಗೆ ಅವಳು ಪೂರ್ತಿ ಪರಿಚಿತಳು, ಪೂರ್ತಿ ಅರ್ಥವಾದವಳಲ್ಲ. ಭಯವನ್ನೂ ತಾಯ್ತನವನ್ನೂ ಒಂದೇ ಮೂರ್ತಿಯಲ್ಲಿ ಕಂಡು ಬೆಳೆದವರಿಗೆ ಬೂದಿ ಬಳಿದು ಹಾರ ತೊಟ್ಟ ಯೋಗಿನಿ ಅಪರಿಚಿತಳಾಗಿರಲಾರಳು.

ಮೂರನೆಯ ಆಕ್ಷೇಪವನ್ನು ನಾನು ಎಲ್ಲಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಅದು ಈ ನೆಲದ ನೋವಿನಿಂದ ಬರುವ ಪ್ರಶ್ನೆ. ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಕಡೆ ಜೋಗಿನಿ ಎಂಬ ಮಾತಿಗೆ ಬೇರೆ ಅರ್ಥವಿದೆ: ದೇವರ ಹೆಸರಿನಲ್ಲಿ ಬಿಡಲಾದ, ಬಡ ಮನೆಗಳ, ಕೆಳಜಾತಿಯೆಂದು ಕರೆಸಿಕೊಂಡ ಮನೆಗಳ ಹೆಣ್ಣುಮಕ್ಕಳು. ಕರ್ನಾಟಕ 1982ರಲ್ಲಿ, ಆಗಿನ ಆಂಧ್ರಪ್ರದೇಶ 1988ರಲ್ಲಿ ಈ ಬಿಡುವ ಪದ್ಧತಿಯನ್ನು ಕಾನೂನಿನಿಂದ ನಿಷೇಧಿಸಿದವು. ಅಂಥ ಬಾಳನ್ನು ಕಂಡವರು ಕೇಳಬಹುದು: ‘ಜೋಗಿತನಕ್ಕೆ ಬಂಗಾರ ತೊಡಿಸಿ ಅಂದಗೊಳಿಸಿದ ಅರಮನೆಯ ಚಿತ್ರವನ್ನು ನಾವು ಏಕೆ ಮೆಚ್ಚಬೇಕು?’ ಈ ಪ್ರಶ್ನೆಯನ್ನು ತಳ್ಳಿಹಾಕುವ ಹಕ್ಕು ಯಾರಿಗೂ ಇಲ್ಲ. ಆಸ್ಥಾನದ ಚಿತ್ರ ಬಡವಳ ಹಸಿವನ್ನು ತೋರಿಸಲಿಲ್ಲವೆಂಬುದು ಸತ್ಯ. ಅದನ್ನು ಒಪ್ಪಿಕೊಂಡೇ ಒಂದು ಸಂಗತಿಯತ್ತ ಬೆರಳು ತೋರಿಸುತ್ತೇನೆ. ಆಸ್ಥಾನಕ್ಕಾಗಿ ಬಿಡಿಸಿದ ಹೆಣ್ಣುಗಳ ಚಿತ್ರಗಳಲ್ಲಿ ಹೆಣ್ಣು ಸಾಮಾನ್ಯವಾಗಿ ಯಾರಿಗಾಗಿಯೋ ಕಾಯುತ್ತಿರುತ್ತಾಳೆ, ಯಾರಿಗಾಗಿಯೋ ಸಿಂಗರಿಸಿಕೊಂಡಿರುತ್ತಾಳೆ. ಇವಳು ಯಾರಿಗೂ ಕಾಯುತ್ತಿಲ್ಲ. ಅವಳ ಗಮನ ಅರಸನ ಕಡೆಗಿಲ್ಲ, ನೋಡುವ ನಮ್ಮ ಕಡೆಗೂ ಇಲ್ಲ. ಪೂರ್ತಿ ಆ ಹಕ್ಕಿಯ ಕಡೆಗಿದೆ. ಬಲವಂತದಿಂದ ಬಿಡಲ್ಪಟ್ಟವಳಿಗೂ ತಾನಾಗಿ ಹೊರಟವಳಿಗೂ ಇರುವ ಅಂತರವನ್ನು ಮರೆತು ಈ ಚಿತ್ರ ನೋಡಿದರೆ ಇಬ್ಬರಿಗೂ ಅನ್ಯಾಯ. ನೆನಪಿಟ್ಟುಕೊಂಡು ನೋಡಿದರೆ, ಒಬ್ಬ ಹೆಣ್ಣುಮಗಳು ತನ್ನ ಹೊತ್ತನ್ನು ತನಗೆ ಬೇಕಾದ ಜೀವಕ್ಕೆ ಕೊಟ್ಟ ಅಪರೂಪದ ಗಳಿಗೆ ಕಾಣುತ್ತದೆ.

ಉಳಿದದ್ದು ಮನಸ್ಸಿನ ಸೆಳೆತದ ಮಾತು. ಜೋಡಣೆಯ ಜಾಣ್ಮೆ ಕಣ್ಣನ್ನು ಹಿಡಿದು ನಿಲ್ಲಿಸೀತು, ಎದೆಯನ್ನು ತಟ್ಟುವುದು ಯಾಕೆ? ಆ ದೂರದ ಅರಮನೆಯಿಂದಾಗಿ, ಎಂಬುದು ನನ್ನ ಉತ್ತರ. ಬಿಟ್ಟುಬಂದದ್ದು ಕಣ್ಣಿಗೆ ಕಾಣುತ್ತಲೇ ಇರುವುದು ಮನುಷ್ಯರ ದೊಡ್ಡ ಸಂಕಟಗಳಲ್ಲಿ ಒಂದು. 2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಉಕ್ಕಿ ರಾಜೋಳಿಯ ಮನೆಗಳನ್ನೂ ಮಗ್ಗಗಳನ್ನೂ ಮುಳುಗಿಸಿತು. ನೀರಿಗೆ ಮನೆ ಕೊಟ್ಟು ಎತ್ತರದ ಜಾಗ ಸೇರಿದವರಿಗೆ ಹಿಂದೆ ಉಳಿದ ಊರು ಎಷ್ಟು ಚಿಕ್ಕದಾಗಿ, ಎಷ್ಟು ಸ್ಪಷ್ಟವಾಗಿ ಕಾಣುತ್ತದೆಂಬುದನ್ನು ಬೇರೆಯವರು ವಿವರಿಸಬೇಕಿಲ್ಲ. ಗಂಡನ ಮನೆಗೆ ಬಂದ ಮಗಳಿಗೆ ತವರು ಕಾಣುವುದು ಹೀಗೆಯೇ. ಕೂಲಿಗೆಂದು ದೂರದ ಪೇಟೆಗೆ ಹೋದವನಿಗೆ ಹಳ್ಳಿ ಕಾಣುವುದೂ ಹೀಗೆಯೇ. ಅಂಥ ಹೊತ್ತಿನಲ್ಲಿ ಕೈಗೆ ಸಿಕ್ಕ ಒಂದು ಪುಟ್ಟ ಜೀವ ದೊಡ್ಡ ಆಸರೆಯಾಗುತ್ತದೆ. ಯೋಗಿನಿ ಹಕ್ಕಿಯನ್ನು ಪಂಜರದಲ್ಲಿ ಇಟ್ಟಿಲ್ಲ, ಕೈಮೇಲೆ ಕೂರಿಸಿಕೊಂಡಿದ್ದಾಳೆ. ಅದು ಬೇಕೆಂದರೆ ಹಾರಿಹೋಗಬಹುದು. ಹಾರಿಲ್ಲ. ಚಿತ್ರದಲ್ಲಿ ಪ್ರೀತಿಯ ಗುರುತು ಯಾವುದೆಂದು ಕೇಳಿದರೆ ನಾನು ಅದನ್ನೇ ತೋರಿಸುತ್ತೇನೆ.

ಬಂಧುಗಳೇ, ಒಂದು ಸೂಚನೆಯೊಂದಿಗೆ ಮುಗಿಸುತ್ತೇನೆ. ನೇಕಾರಿಕೆ ಬಲ್ಲವರು ಸೀರೆಯನ್ನು ಕೈಗೆ ತೆಗೆದುಕೊಂಡರೆ ಮೊದಲು ಸೆರಗಿನ ಬೆಡಗಿಗೆ ಮರುಳಾಗುವುದಿಲ್ಲ. ಬಟ್ಟೆಯನ್ನು ಮಗುಚಿ, ಒಡಲಿಗೂ ಅಂಚಿಗೂ ಸಂಧಿಯಾದ ಸಾಲಿನ ಮೇಲೆ ಬೆರಳೆಳೆದು, ಕೊಂಡಿ ಎಲ್ಲಿಯೂ ತಪ್ಪಿಲ್ಲವಷ್ಟೇ ಎಂದು ನೋಡುತ್ತಾರೆ. ಈ ಚಿತ್ರ ನಿಮ್ಮ ಕಣ್ಣಿಗೆ ಬಿದ್ದಾಗ, ಅಚ್ಚಿನಲ್ಲಾಗಲಿ, ಮಕ್ಕಳ ಮೊಬೈಲಿನಲ್ಲಾಗಲಿ, ‘ಇವಳು ಯಾರು’ ಎಂಬ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಬೂದಿಯ ಮೈ ಹೊನ್ನಿನ ಬಟ್ಟೆಯನ್ನು ಮುಟ್ಟುವ ಗೆರೆಯನ್ನು ನೋಡಿ, ದೊಡ್ಡ ಹೂವಿನಿಂದ ಸಣ್ಣ ಅರಮನೆಗೆ ಕಣ್ಣು ಜಿಗಿಯುವ ಜಾಗವನ್ನು ನೋಡಿ, ಹಕ್ಕಿಗೂ ಮುಖಕ್ಕೂ ನಡುವಿನ ಆ ಬೆರಳಗಲದ ಎಡೆಯನ್ನು ನೋಡಿ. ನಾಲ್ಕು ನೂರು ವರ್ಷಗಳ ಹಿಂದೆ, ನಮ್ಮದೇ ಸೀಮೆಯ ಒಬ್ಬ ಹೆಸರಿಲ್ಲದ ಕಸುಬುದಾರ ಅಲ್ಲೆಲ್ಲ ಎಷ್ಟು ಎಚ್ಚರದಿಂದ ಕೈ ಆಡಿಸಿದ್ದಾನೆಂಬುದು, ಕೈಕೆಲಸ ಬಲ್ಲ ನಿಮಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ.